ಎಡೆದೊರೆಯಲ್ಲಿ ನಾಲ್ಕು ದಿನ

ಕೃಷ್ಣೆಯು ಬಡಗಲಲ್ಲಿಯೂ ತುಂಗಭದ್ರೆಯು ತೆಂಕಲಲ್ಲಿಯೂ ಹರಿದು, ನಡುವೆ ಬಳಸಿಕೊಂಡಿರುವ ನೆಲಕ್ಕೆ ನಮ್ಮ ಪೂರ್ವಿಕರು ಎಡೆದೊರೆ ನಾಡೆಂದು ಹೆಸರಿಟ್ಟಿದ್ದರು. ಎರಡು ತೊರೆಗಳ ಎಡೆಯಲ್ಲಿರುವ ನಾಡು. ಅದನ್ನೇ ಮುಂದೆ ಬಂದವರು ದೋಆಬ್ ಎಂದು ಕರೆದರು. ಹೆಸರು ಯಾವುದಾದರೂ ಆಗಲಿ, ಈ ಎರೆಯ ಭೂಮಿಗಾಗಿ ಅರಸರು ಹರಿಸಿದ ನೆತ್ತರಿಗೆ ಲೆಕ್ಕವಿಲ್ಲ. ಇದನ್ನು ಉತ್ತು ಬಿತ್ತಿದವರ ಬೆವರಿಗಂತೂ ಲೆಕ್ಕವಿಟ್ಟವರೇ ಇಲ್ಲ.

ನಾನು ರಾಯಚೂರಿನಲ್ಲಿ ರೈಲಿನಿಂದಿಳಿದಾಗ ಡಿಸೆಂಬರಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ಕೂಡಿಕೊಂಡದ್ದು ಈ ಊರಿನಲ್ಲಿಯೇ. ಊರಿನ ಒಂದು ಕ್ರೈಸ್ತ ಸಭೆಯವರು ತಮ್ಮ ಸುಗ್ಗಿಯ ಹಬ್ಬದಂದು ಭಾನುವಾರ ನಾಲ್ಕು ಮಾತನ್ನಾಡಬೇಕೆಂದು ನನ್ನನ್ನು ಕರೆಸಿದ್ದರು. ವಿಷಯ: ನಂಬಿಕೆಯೂ ನಡತೆಯೂ. ಭಾಷಣವನ್ನು ಊರಿನಲ್ಲಿಯೇ ಬರೆದು, ಅಂದವಾಗಿ ಮಡಿಸಿ, ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಅಂದು ಗುರುವಾರ. ನಡುವೆ ಬಿಡುವಿದ್ದುದರಿಂದ ರಾಯಚೂರನ್ನೂ ದೇವದುರ್ಗವನ್ನೂ ಮಾನ್ವಿಯನ್ನೂ ನೋಡಿಕೊಂಡು ಬರುವ ಮನಸ್ಸಾಯಿತು.

ರಾಯಚೂರಿಗೆ ಬಂದವನು ಮೊದಲು ನೋಡಬೇಕಾದುದು ಕೋಟೆಯ ಗೋಡೆಯಲ್ಲಿರುವ ಒಂದು ಕಲ್ಲನ್ನು. ಕಾಕತೀಯರ ಕಾಲದಲ್ಲಿ, ೧೨೯೪ರಲ್ಲಿ, ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ಕೊರೆದಿದ್ದಾರೆ. ಉದ್ದ ನಲವತ್ತು ಅಡಿಗೂ ಹೆಚ್ಚು. ಅಂಥ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಪಶುಗಳ ಉದ್ದನೆಯ ಸಾಲನ್ನು ಹೂಡಿ ಎಳೆಸಿ ತಂದ ಬಗೆಯನ್ನು ಅಲ್ಲಿಯೇ ಚಿತ್ರವಾಗಿ ಗೀಚಿಟ್ಟಿದ್ದಾರೆ. ಕಟ್ಟಿಸಿದವನ ಹೆಸರಿನ ಜೊತೆಗೆ ಎಳೆದವರ ಕಷ್ಟವನ್ನೂ ನೆನಪಿನಲ್ಲಿಟ್ಟ ಆ ಶಿಲ್ಪಿಯ ಬಗೆಗೆ ನನಗೆ ಗೌರವ ಹುಟ್ಟಿತು. ಆ ಚಿತ್ರ ಮುಂದಿನ ನಾಲ್ಕು ದಿನವೂ ನನ್ನ ಬೆನ್ನು ಬಿಡಲಿಲ್ಲ.

ಇದೇ ಕೋಟೆಗಾಗಿ ೧೫೨೦ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ಘೋರವಾದ ಯುದ್ಧ ನಡೆಯಿತು. ಕುದುರೆ ಮಾರಲು ಬಂದಿದ್ದ ಕ್ರಿಸ್ಟೋವಾವ್ ದ ಫಿಗೆರೆಡೊ ಎಂಬ ಪೋರ್ತುಗೀಜನು ತನ್ನ ಬಂದೂಕುಗಾರರೊಡನೆ ರಾಯನ ಪಕ್ಷದಲ್ಲಿ ನಿಂತು ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿದನೆಂದು ಅವನ ನಾಡಿನವನೇ ಆದ ನೂನಿಜನು ಬರೆದಿಟ್ಟಿದ್ದಾನೆ. ಕ್ರಿಸ್ತನ ಹೆಸರು ಹೊತ್ತ ಮನುಷ್ಯ ಈ ಕೋಟೆಯ ಬಾಗಿಲಿಗೆ ಬಂದದ್ದು ಹೀಗೆ, ಕೈಯಲ್ಲಿ ಬಂದೂಕು ಹಿಡಿದು.

ಆದರೆ ಈ ಜಿಲ್ಲೆಯ ಕ್ರೈಸ್ತರು ಆ ಬಂದೂಕಿನ ಸಂತಾನವಲ್ಲ. ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಷ್ಟು ಹಿಂದಿನ ಕಥೋಲಿಕ ಸಭೆಯುಂಟು. ಆದಿಲಶಾಹಿ ಸುಲ್ತಾನರು ಅದಕ್ಕೆ ಇನಾಮು ಕೊಟ್ಟಿದ್ದರು. ಎಷ್ಟೋ ಕಾಲದ ಮೇಲೆ ಅಮೆರಿಕದ ಮೆಥೊಡಿಸ್ಟರು ರಾಯಚೂರು ಸೀಮೆಯ ಹಳ್ಳಿಗಳಿಗೆ ಬಂದರು. ಅವರ ಕೈಗೆ ಕನ್ನಡದ ಬೈಬಲು ಸಿದ್ಧವಾಗಿಯೇ ಸಿಕ್ಕಿತ್ತು. ತುಂಗಭದ್ರೆಯ ಆಚೆಯ ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ೧೮೩೧ರ ಹೊತ್ತಿಗೆ ಇಡೀ ಗ್ರಂಥ ಅಚ್ಚಾಗಿತ್ತು. ನಮ್ಮ ಪ್ರೊಟೆಸ್ಟಂಟರ ಮನೆಗಳಲ್ಲಿ ಆ ಗ್ರಂಥಕ್ಕೆ ಸತ್ಯವೇದವೆಂದು ಹೆಸರು. ಹೆಸರನ್ನು ಇಡುವುದು ಸುಲಭ. ಅಂಥ ಹೆಸರಿನ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯುವವನ ಹೊಣೆ ಎಂಥದು ಎಂಬುದನ್ನು ಮಾತ್ರ ನಾನು ಈ ಪ್ರಯಾಣದಲ್ಲಿ ಕಲಿಯಬೇಕಾಯಿತು.

ಅಂದು ಮಧ್ಯಾಹ್ನ ಹತ್ತಿಯ ಪೇಟೆಗೆ ಹೋದೆ. ರಾಯಚೂರಿನ ಹತ್ತಿಯ ಮಾರುಕಟ್ಟೆ ಹೆಸರಾಂತದ್ದು. ಸುಗ್ಗಿಯ ದಿನಗಳಲ್ಲಿ ಅಂಡಿಗೆಗಳನ್ನು ಹೇರಿದ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಗಾಳಿಯಲ್ಲಿ ಹಾರುವ ಎಳೆಗಳು ಹಮಾಲರ ತಲೆಗೂದಲನ್ನು ಹರೆಯದಲ್ಲಿಯೇ ನರೆಸಿಬಿಡುತ್ತವೆ. ಸಭೆಯ ಹಿರಿಯರೊಬ್ಬರು ನನ್ನೊಡನೆ ಬಂದಿದ್ದರು. ಎಪ್ಪತ್ತು ದಾಟಿದ ವಯಸ್ಸು. ಹರೆಯದಲ್ಲಿ ಇದೇ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ತೂಕದ ಕೆಲಸ ಮಾಡಿದವರು. ಮೊದಲಿನ ತಕ್ಕಡಿಗಳು ಹೋಗಿ ಈಗ ಅಂಕೆಗಳು ಮಿನುಗುವ ಕಾಟಾ ಬಂದಿವೆಯೆಂದು ತೋರಿಸಿ, ಇನ್ನು ಮೋಸಕ್ಕೆ ಎಡೆಯೆಲ್ಲಿ ಎಂದು ನಾನು ಕೇಳಿದೆ. ಮುದುಕರು ನಕ್ಕರು.

“ಕಾಟಾ ಯಾವಾಗೂ ಸುಳ್ಳು ಹೇಳಿಲ್ರಿ ಸರ. ಕಾಟಾದ ಮುಂದ ನಿಂತಾಂವ ಹೇಳ್ತಾನ. ನಾ ಆರು ವರ್ಷ ಹೇಳೀನಿ.”

ಅವರ ಕಥೆ ಚಿಕ್ಕದು. ಸೂಟು ಎಂಬ ಹೆಸರಿನಲ್ಲಿ ರೈತನ ತೂಕದಿಂದ ಕಡಿತ ಮಾಡುವುದು ಪೇಟೆಯ ಹಳೆಯ ಚಾಳಿ. ಅದರ ಮೇಲೆ ಅಂಡಿಗೆಗೆ ಇನ್ನೊಂದಿಷ್ಟನ್ನು ಸದ್ದಿಲ್ಲದೆ ಕಡಿಮೆ ಬರೆಯುವುದು ಆ ಅಂಗಡಿಯ ಪದ್ಧತಿ. ಓದು ಬಾರದ ರೈತ, ಬರೆದುಕೊಳ್ಳುವ ತೂಕದವ. ಭಾನುವಾರ ದೇವಾಲಯದಲ್ಲಿ ಇವರು ಹಾಡಿಗೆ ಹಾರ್ಮೋನಿಯಂ ಹಿಡಿಯುತ್ತಿದ್ದರು. ಸೋಮವಾರ ಪೇಟೆಯಲ್ಲಿ ಒಂದನ್ನು ಸೊನ್ನೆ ಮಾಡುತ್ತಿದ್ದರು. ಒಂದು ಭಾನುವಾರ ಜಕ್ಕಾಯನ ಪಾಠ ಬಂದಿತು. ಸುಂಕದವರ ಮುಖ್ಯಸ್ಥನಾದ ಆ ಕುಳ್ಳನು ಅತ್ತಿಯ ಮರವನ್ನೇರಿ ಯೇಸುವನ್ನು ನೋಡಿದ ಕಥೆ ಎಲ್ಲರಿಗೂ ಬರುತ್ತದೆ. ಅವನು ಮರದಿಂದಿಳಿದು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುತ್ತೇನೆಂದ ಭಾಗವನ್ನು ನಾವು ಬೇಗನೆ ಓದಿ ಮುಗಿಸುತ್ತೇವೆ. ಇವರಿಗೆ ಅಂದು ಆ ಭಾಗವೇ ಗಂಟಲಿಗೆ ಸಿಕ್ಕಿಕೊಂಡಿತು.

ಮರುದಿನ ಅಂಗಡಿಯ ಕೆಲಸ ಬಿಟ್ಟರು. ಮೋಸಹೋದವರಲ್ಲಿ ಗುರುತು ನೆನಪಿದ್ದವನು ಒಬ್ಬನೇ. ಒಂದು ಚೀಲ ಜೋಳವನ್ನು ಹೊತ್ತು ಅವನ ಹಳ್ಳಿಗೆ ಹೋದರೆ ಅವನು ಸತ್ತು ಎರಡು ವರ್ಷವಾಗಿತ್ತು. ಮಗನಿಗೆ ಹೇಳಿದರು. ಮಗನಿಗೆ ಅರ್ಥವಾಗಲಿಲ್ಲ. ಚೀಲವನ್ನು ಇಳಿಸಿಕೊಂಡು, ದೂರದಿಂದ ನಡೆದು ಬಂದಿದ್ದೀರಿ, ರೊಟ್ಟಿ ತಿಂದು ಹೋಗಿರೆಂದನಂತೆ.

“ಆ ರೊಟ್ಟಿ ಇನ್ನೂ ಅರಗಿಲ್ರಿ. ಹಿಂದಕ್ಕ ಕೊಡೋದು ಅಂದ್ರ ಅದಕ್ಕೂ ಒಂದು ಹೊತ್ತು ಇರತೈತಿ. ನಾ ತಡಾ ಮಾಡ್ದೆ.”

ಆಮೇಲೆ ಇಪ್ಪತ್ತು ವರ್ಷ ಅವರು ಅದೇ ಪೇಟೆಯಲ್ಲಿ ಹಮಾಲಿ ಮಾಡಿದರು. ಬರೆಯುವ ಕೈ ಹೊರುವ ಕೈಯಾಯಿತು. ನನ್ನ ಜೇಬಿನಲ್ಲಿದ್ದ ಭಾಷಣದಲ್ಲಿ ನ್ಯಾಯದ ತಕ್ಕಡಿಯ ಮೇಲೆ ಅರ್ಧ ಪುಟವಿತ್ತು. ಮೋಸದ ತಕ್ಕಡಿಯನ್ನು ದೇವರು ಹೇಸುತ್ತಾನೆಂಬ ಜ್ಞಾನೋಕ್ತಿಯ ಮಾತನ್ನೂ, ಎಫವನ್ನು ಕಿರಿದು ಮಾಡಿ ಬಡವರನ್ನು ಸುಲಿಯುವ ವರ್ತಕರ ಮೇಲೆ ಪ್ರವಾದಿಯಾದ ಆಮೋಸನು ಕಾರಿದ ಕಿಡಿಯನ್ನೂ ಚೆನ್ನಾಗಿಯೇ ಜೋಡಿಸಿದ್ದೆ. ಮುದುಕರು ಅದನ್ನು ಒಂದು ರೊಟ್ಟಿಯಲ್ಲಿ ಹೇಳಿ ಮುಗಿಸಿದ್ದರು.

ಶುಕ್ರವಾರ ಬೆಳಿಗ್ಗೆ ದೇವದುರ್ಗದ ಬಸ್ಸನ್ನು ಹತ್ತಿದೆ. ಕಲ್ಮಲಾ ದಾಟಿದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಎರೆಯ ಹೊಲಗಳಲ್ಲಿ ಹತ್ತಿಯ ಬಿಳುಪು, ತೊಗರಿಯ ಹಸುರು, ಅಲ್ಲಲ್ಲಿ ನೆಲದಿಂದೆದ್ದ ಬಂಡೆಗಳು. ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಹಳೆಯ ಗುಡಿಗಳೂ ಶಾಸನಗಳೂ ತುಂಬಿರುವ ಊರು. ದೇವದುರ್ಗ ಬೇಡ ನಾಯಕರು ಆಳಿದ ದುರ್ಗ. ಕೋಟೆಯ ಪಳೆಯುಳಿಕೆಗಳ ಕೆಳಗೆ ಈಗ ತಾಲ್ಲೂಕು ಕಚೇರಿಯೂ ಬಸ್ ನಿಲ್ದಾಣವೂ ಇರುವ ಸಾಧಾರಣ ಪಟ್ಟಣ. ೨೦೦೨ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ಕರ್ನಾಟಕದ ಅತ್ಯಂತ ಹಿಂದುಳಿದ ೩೯ ತಾಲ್ಲೂಕುಗಳನ್ನು ಪಟ್ಟಿಮಾಡಿದಾಗ ದೇವದುರ್ಗವೂ ಅದರಲ್ಲಿ ಸೇರಿತ್ತು. ನಾರಾಯಣಪುರದ ಬಲದಂಡೆ ಕಾಲುವೆ ತಾಲ್ಲೂಕಿನ ಒಂದು ಭಾಗಕ್ಕೆ ನೀರು ತಂದಿದೆ. ಉಳಿದ ಭಾಗಕ್ಕೆ ಮಳೆಯೇ ದಿಕ್ಕು. ಮಳೆ ಕೈಬಿಟ್ಟರೆ ಗುಳೆ. ಮನೆಗೆ ಬೀಗ ಜಡಿದು, ಮುದುಕರನ್ನೂ ಮಕ್ಕಳನ್ನೂ ಬಿಟ್ಟು, ಬೆಂಗಳೂರಿನಲ್ಲಿ ಮನೆ ಕಟ್ಟುವ ಕೂಲಿಗೆ ಹೋಗುವುದಕ್ಕೆ ಇಲ್ಲಿ ಗುಳೆ ಹೋಗುವುದೆನ್ನುತ್ತಾರೆ.

ಊರಿಗೆ ಸಮೀಪದ ಒಂದು ಹಳ್ಳಿಯಲ್ಲಿ ಸಭೆಯ ಬೋಧಕರ ಮನೆಯಲ್ಲಿ ಇಳಿದುಕೊಂಡೆ. ದೇವಾಲಯವೆಂದರೆ ಕೇರಿಯ ಕೊನೆಯಲ್ಲಿ ತಗಡು ಹೊದಿಸಿದ ಒಂದು ಕೋಣೆ. ಇಲ್ಲಿನ ಕ್ರೈಸ್ತರಲ್ಲಿ ಬಹುಮಂದಿ ಊರ ಹೊರಗಿನ ಕೇರಿಗಳವರು. ಸಂಜೆಯ ಪ್ರಾರ್ಥನೆಗೆ ಹದಿನೈದು ಜನ ಸೇರಿದ್ದರು. ಪ್ರಾರ್ಥನೆ ಮುಗಿದ ಮೇಲೆ, ಮೂಲೆಯಲ್ಲಿ ಕುಳಿತಿದ್ದ ಐವತ್ತರ ಹೆಂಗಸೊಬ್ಬಳನ್ನು ತೋರಿಸಿ ಬೋಧಕರು ಮೆಲ್ಲಗೆ, “ನೀವು ಮಾತಾಡಬೇಕಾದ್ದು ಆ ಯಮ್ಮನ ಹತ್ತಿರ” ಎಂದರು.

ಆಕೆ ವಿಧವೆ. ೨೦೦೫ರ ಉದ್ಯೋಗ ಖಾತ್ರಿ ಕಾಯಿದೆಯ ಕೆಳಗೆ ಕೆಲವು ವರ್ಷಗಳ ಹಿಂದೆ ಅಲ್ಲಿ ಕೆರೆಯ ಹೂಳೆತ್ತುವ ಕೆಲಸ ನಡೆಯಿತು. ಆಕೆ ದುಡಿದದ್ದು ಎಂಟು ದಿನ. ಹಾಜರಿಯಲ್ಲಿ ಬರೆದದ್ದು ಹನ್ನೆರಡು. ಹೆಚ್ಚಿನ ನಾಲ್ಕು ದಿನದ ಕೂಲಿಯನ್ನು ಬರೆಸಿದವನೂ ಕೂಲಿಯವಳೂ ಹಂಚಿಕೊಳ್ಳತಕ್ಕದ್ದೆಂಬುದು ಮಾತಿಲ್ಲದ ಒಪ್ಪಂದ. ಎಲ್ಲರೂ ಒಪ್ಪಿದರು, ಈಕೆ ಒಪ್ಪಲಿಲ್ಲ. ಹೆಬ್ಬೆಟ್ಟು ಒತ್ತುವಾಗ, ತಾನು ಎಂಟು ದಿನ ಬಂದಿದ್ದೆನೆಂದು ಎಲ್ಲರ ಎದುರಿಗೆ ಹೇಳಿಬಿಟ್ಟಳು. ಮುಂದಿನ ಕೆಲಸಕ್ಕೆ ಯಾರೂ ಆಕೆಯನ್ನು ಕರೆಯಲಿಲ್ಲ. ಜೊತೆಯ ಹೆಂಗಸರೂ ಮಾತು ಬಿಟ್ಟರು. ಆ ವರ್ಷ ಆಕೆ ಮೊಮ್ಮಗನನ್ನು ನೆರೆಯವರಲ್ಲಿ ಬಿಟ್ಟು ಬೆಂಗಳೂರಿಗೆ ಗುಳೆ ಹೋದಳು. ಹುಡುಗ ಅದೇ ವರ್ಷ ಶಾಲೆ ಬಿಟ್ಟ.

ಅಷ್ಟು ನಷ್ಟಕ್ಕೆ ಒಳಗಾಗುವಂತೆ ಮಾಡಿದ ಬಲ ಯಾವುದೆಂದು ತಿಳಿಯುವ ಆಸೆ ನನಗೆ. ಯಾವ ವಚನ ನೆನಪಾಯಿತವ್ವಾ ಎಂದು ಕೇಳಿದೆ.

“ಓದಾಕ ಬರಂಗಿಲ್ರೀ ಯಪ್ಪಾ. ಒಳಗೇನೈತಿ ಅಂತ ಅಯ್ನೋರು ಹೇಳಿದಷ್ಟ ಗೊತ್ತು. ಮ್ಯಾಲಿನ ಹೆಸರು ಮಾತ್ರ ನಂಗ ಗೊತ್ತೈತಿ. ಸತ್ಯವೇದ. ಅದರ ಮ್ಯಾಲ ಕೈಯಿಟ್ಟು ದೀಕ್ಷಾಸ್ನಾನ ತಗೊಂಡೀನಿ. ಮತ್ತ ಅದೇ ಕೈಲಿಂದ ಹೆಬ್ಬೆಟ್ಟು ಒತ್ತಬೇಕಲ್ರಿ.”

ನಾನು ಏನೂ ಹೇಳಲಿಲ್ಲ. ಆಕೆಯೇ ಮುಂದುವರಿಸಿದಳು. “ಖರೇ ಹೇಳಿದ್ದಕ್ಕ ನಂಗ ಬ್ಯಾಸರಿಲ್ಲ. ಹುಡುಗ ಸಾಲಿ ಬಿಟ್ಟಿದ್ದಕ್ಕ ಐತಿ. ನನ್ನ ಖರೇಕ್ಕ ಅಂವ ಯಾಕ ರೊಕ್ಕಾ ಕಟ್ಟಬೇಕಾಗಿತ್ರಿ?”

ರಾತ್ರಿ ಊಟಕ್ಕೆ ಕುಳಿತಾಗ ಬೋಧಕರು ತಾವಾಗಿಯೇ ಬಾಯಿ ಬಿಟ್ಟರು. ಆಕೆಯ ಸತ್ಯಸಂಧತೆಯನ್ನು ಅವರು ಅನೇಕ ಸಲ ಪ್ರಸಂಗದಲ್ಲಿ ಹೊಗಳಿದ್ದರಂತೆ. ಸಭೆಯವರು ತಲೆದೂಗಿದ್ದರಂತೆ. “ಆದರೆ ಆ ವರ್ಷ ನಮ್ಮಲ್ಲಿ ಒಬ್ಬರೂ ಆಕೆಯ ಮನೆಗೆ ಒಂದು ಸೇರು ಜೋಳ ಕೊಡಲಿಲ್ಲ. ನಾನೂ ಕೊಡಲಿಲ್ಲ. ಹುಡುಗನನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಅದು ಹೊಳೆಯಲೇ ಇಲ್ಲ” ಎಂದರು. ಲಾಟೀನಿನ ಬೆಳಕಿನಲ್ಲಿ ಅವರ ಮುಖವನ್ನು ನೋಡಲಾಗಲಿಲ್ಲ. ಹೊಳೆಯದೆ ಇದ್ದುದು ಅವರೊಬ್ಬರಿಗಲ್ಲ. ನನ್ನ ಹದಿನಾರು ಪುಟದ ಭಾಷಣದಲ್ಲಿಯೂ ಅದು ಹೊಳೆದಿರಲಿಲ್ಲ.

ಶನಿವಾರ ದೇವದುರ್ಗದಿಂದ ಸಿರವಾರದ ಮಾರ್ಗವಾಗಿ ಮಾನ್ವಿಗೆ ಬಂದೆ. ನೋಡನೋಡುತ್ತ ನೆಲದ ಬಣ್ಣವೇ ಬೇರೆಯಾಗುತ್ತದೆ. ಇದು ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆ. ೧೯೫೩ರಲ್ಲಿ ಅಣೆಕಟ್ಟಿನಿಂದ ನೀರು ಹರಿದಂದಿನಿಂದ ಜೋಳದ ನಾಡು ಬತ್ತದ ನಾಡಾಗುತ್ತ ಬಂದಿದೆ. ಆದರೆ ಕಾಲುವೆಗೆ ತಲೆಯೂ ಬಾಲವೂ ಉಂಟು. ಮೇಲಿನವರು ಮಿತಿಮೀರಿ ನೀರೆಳೆದುಕೊಂಡರೆ ಕೊನೆಯ ಭಾಗದವರಿಗೆ ಕೆಸರೇ ಗತಿ. ಮಾನ್ವಿ, ರಾಯಚೂರು ತಾಲ್ಲೂಕುಗಳ ಎಷ್ಟೋ ಹೊಲಗಳು ಆ ಕೊನೆಯ ಭಾಗದವು. ನೀರಿಗಾಗಿ ಕೊನೆಯವರು ರಸ್ತೆಗಿಳಿಯುವುದು ಇಲ್ಲಿ ಹೊಸ ಸುದ್ದಿಯಲ್ಲ. ತಕ್ಕಡಿಯ ಪಾಪ ಎದುರಿಗಿರುವವನ ಕಣ್ಣಿಗೆ ಮಣ್ಣೆರಚುತ್ತದೆ. ಕಾಲುವೆಯ ಪಾಪ ಎಂದೂ ನೋಡದ ಒಬ್ಬನ ಗದ್ದೆಯನ್ನು ಒಣಗಿಸುತ್ತದೆ. ಕಾಣದವನಿಗೂ ಪಾಲು ಬಿಡುವುದು ಪ್ರಾಮಾಣಿಕತೆಯ ಎರಡನೆಯ ಪಾಠವೆಂದು ತೋರಿತು.

ಮಾನ್ವಿಯೆಂದೊಡನೆ ಕನ್ನಡಿಗರಿಗೆ ಹರಿಕಥಾಮೃತಸಾರದ ಜಗನ್ನಾಥದಾಸರ ನೆನಪಾಗಬೇಕು. ಹದಿನೆಂಟನೆಯ ಶತಮಾನದ ಈ ದಾಸರಿಗೆ ಮೊದಲಿದ್ದ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತ ಪಂಡಿತರೆಂಬ ಹೆಮ್ಮೆಯಿಂದ ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರವಾಗಿ ಕಂಡರೆಂದೂ, ಹೊಟ್ಟೆಯ ಶೂಲೆಯಿಂದ ನರಳಿ, ಗೋಪಾಲದಾಸರ ಕರುಣೆಯಿಂದ ಬದುಕಿ, ಹೆಮ್ಮೆಯನ್ನು ತೊರೆದು ದಾಸರಾದರೆಂದೂ ಸಂಪ್ರದಾಯ ಹೇಳುತ್ತದೆ. ಒಳಗು ಬದಲಾಯಿತು, ಹೆಸರು ಬದಲಾಯಿತು. ಆ ಹೊಸ ಹೆಸರನ್ನು ನಾಡು ತಲೆಯ ಮೇಲಿಟ್ಟುಕೊಂಡಿತು. ಅದೇ ಮಾನ್ವಿಯಲ್ಲಿ ಹೆಸರು ಬದಲಾಯಿಸಿದ್ದಕ್ಕೆ ಬೆಲೆ ತೆತ್ತ ಒಂದು ಮನೆಯ ಅತಿಥಿಯಾದೆ ನಾನು.

ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ತಂದೆಯ ಕಾಲದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು. ಇಬ್ಬರೂ ಒಂದೇ ದೇವಾಲಯದಲ್ಲಿ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಅಣ್ಣನ ಕಾಗದಪತ್ರಗಳಲ್ಲಿ ಹಳೆಯ ಹೆಸರೂ ಹಳೆಯ ಧರ್ಮವೂ ಉಳಿದಿವೆ. ತಮ್ಮನು ತನ್ನ ಮಗಳನ್ನು ಶಾಲೆಗೆ ಸೇರಿಸುವಾಗ ಕ್ರೈಸ್ತಳೆಂದೇ ಬರೆಸಿದನು.

ಇದರ ಹಿನ್ನೆಲೆಯನ್ನು ವಾಚಕರು ತಿಳಿಯಬೇಕು. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಮೂರನೆಯ ಕಂಡಿಕೆಯು ಹಿಂದೂಗಳನ್ನು ಬಿಟ್ಟು ಬೇರೆ ಯಾರನ್ನೂ ಪರಿಶಿಷ್ಟ ಜಾತಿಯವರೆಂದು ಎಣಿಸಕೂಡದೆಂದು ವಿಧಿಸಿತು. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೆ ಉಳಿದರು. ಮದರಾಸಿನ ರಸ್ತೆಯ ಬದಿಯಲ್ಲಿ ಕೆರ ಹೊಲಿಯುತ್ತಿದ್ದ ಸೂಸೈ ಎಂಬವನಿಗೆ, ಜೊತೆಯ ಚಮ್ಮಾರರಿಗೆಲ್ಲ ಸರ್ಕಾರ ಬಿಟ್ಟಿಯಾಗಿ ಕೊಟ್ಟ ಪೆಟ್ಟಿಗೆ ಅಂಗಡಿ ಕ್ರೈಸ್ತನೆಂಬ ಕಾರಣದಿಂದ ಸಿಗಲಿಲ್ಲ. ಅವನು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದನು. ಮತಾಂತರದ ಅನಂತರವೂ ಅದೇ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆಯೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ನ್ಯಾಯಾಲಯವು ೧೯೮೫ರಲ್ಲಿ ಅವನ ಮೊರೆಯನ್ನು ತಳ್ಳಿಹಾಕಿತು. ರಂಗನಾಥ ಮಿಶ್ರ ಆಯೋಗವು ೨೦೦೭ರಲ್ಲಿ ಆ ಕಂಡಿಕೆಯನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ೨೦೨೨ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ಆಯೋಗವನ್ನು ಇದೇ ಪ್ರಶ್ನೆಗಾಗಿ ನೇಮಿಸಿದರು. ದೇವಾಲಯಕ್ಕೆ ನಡೆದುಕೊಳ್ಳುತ್ತ ಮೀಸಲಾತಿಗಾಗಿ ಮಾತ್ರ ತನ್ನನ್ನು ಹಿಂದುವೆನ್ನುವುದು ಸಂವಿಧಾನಕ್ಕೆ ಎಸಗುವ ವಂಚನೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರಿನಲ್ಲಿ, ಪುದುಚೇರಿಯ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ, ಹೇಳಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗಗಳ ಮೊದಲನೆಯ ಪ್ರವರ್ಗದಲ್ಲಿ ಎಡೆಯುಂಟು. ಆದರೆ ಅಲ್ಲಿನ ಪಾಲು ಚಿಕ್ಕದು, ಪೈಪೋಟಿ ದೊಡ್ಡದು.

ಊಟವಾದ ಮೇಲೆ ಅಂಗಳದಲ್ಲಿ ಹೊರಸು ಹಾಕಿ ಕುಳಿತೆವು. ನಾನು ಕೇಳದೆ ಇದ್ದರೂ ಮಾತು ಅಲ್ಲಿಗೇ ಬಂದಿತು. ಅಣ್ಣ ಹೇಳಿದ:

“ದಾನಿಯೇಲಗ ಬಾಬೆಲಿನೊಳಗ ಅರಸನ ಮಂದಿ ಬೇಲ್ತೆಶಚ್ಚರ ಅಂತ ಹೆಸರಿಟ್ರು. ಅಂವ ಬ್ಯಾಡ ಅನ್ನಲಿಲ್ಲ. ದಫ್ತರದಾಗ ಆ ಹೆಸರು, ದೇವರ ಮುಂದ ಈ ಹೆಸರು. ಅದಕ್ಕ ಅಂವ ಸುಳ್ಳಗಾರ ಆದನೇನ್ರಿ? ನಮ್ಮ ಕೇರಿ ಬದಲಾಗಿಲ್ಲ. ನಮ್ಮನ್ನ ನೋಡೋ ಕಣ್ಣು ಬದಲಾಗಿಲ್ಲ. ಕಾಗದಾ ಮಾತ್ರ ಯಾಕ ಬದಲಾಗಬೇಕು?”

ತಮ್ಮ ತುಸು ಹೊತ್ತು ಸುಮ್ಮನಿದ್ದ. “ದಾನಿಯೇಲ ಕಿಟಕಿ ಮುಚ್ಚಲಿಲ್ಲಣ್ಣಾ” ಎಂದ. “ಪ್ರಾರ್ಥನಾ ಮಾಡಬ್ಯಾಡ ಅಂದಾಗ ಕಿಟಕಿ ತೆರೆದೇ ಮಾಡಿದ. ನಂಗ ಪೇತ್ರನ ನೆನಪು ಬರತೈತಿ. ಬೆಂಕಿ ಕಾಸಿಕೊಂತ ಕುಂತಾಗ, ನೀನೂ ಅವನ ಮಂದಿ ಹೌದಲ್ಲೋ ಅಂತ ಕೇಳಿದ್ರು. ಅಲ್ಲ ಅಂದ. ಅರ್ಜಿ ಕಾಗದದಾಗ ಆ ಖಾನಿ ಬಂದಾಗೆಲ್ಲ ನಂಗ ಕೋಳಿ ಕೂಗಿದಂಗ ಆಗತೈತಿ.”

ಇಬ್ಬರೂ ತಲೆ ತಗ್ಗಿಸಿದರು. ಯಾರ ಮಾತಿನಲ್ಲಿಯೂ ಸಿಟ್ಟಿರಲಿಲ್ಲ. ಇದು ಅವರು ಅನೇಕ ವರ್ಷಗಳಿಂದ ಆಡುತ್ತ ಬಂದ ಮಾತೆಂಬುದು ಸ್ಪಷ್ಟವಾಗಿತ್ತು. ಅಣ್ಣನ ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿದೆ. ತಮ್ಮನ ಮಗಳಿಗೆ ಸರ್ಕಾರಿ ಸೀಟು ತಪ್ಪಿ, ರಾಯಚೂರಿನಲ್ಲಿ ಹಣ ಕಟ್ಟಿ ನರ್ಸಿಂಗ್ ಓದುತ್ತಿದ್ದಾಳೆ. ಹಣ ಯಾರದೆಂದು ಆಮೇಲೆ ತಿಳಿಯಿತು. ನೀರು ತಂದುಕೊಟ್ಟ ಹುಡುಗಿಯೇ, “ನಮ್ಮ ದೊಡಪ್ಪನೇ ಕಟ್ಟೋದ್ರಿ” ಎಂದಳು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ತಮ್ಮನ ನಿಜವನ್ನು ಅಣ್ಣನ ಮರೆ ಸಾಕುತ್ತಿದೆಯಲ್ಲ! ಯಾರನ್ನು ಹೊಗಳಲಿ, ಯಾರನ್ನು ತೆಗಳಲಿ? ತಮ್ಮನು ಮಾಡಿದ್ದು ಸರಿಯೆಂದೇ ನನ್ನ ಮನಸ್ಸು ಹೇಳುತ್ತದೆ. ಹೌದೆಂದರೆ ಹೌದಾಗಿರಬೇಕೆಂದು ಪರ್ವತ ಪ್ರಸಂಗದಲ್ಲಿ ಯೇಸು ಕಲಿಸಿದುದಕ್ಕೆ ಎರಡರ್ಥವಿಲ್ಲ. ಆದರೆ ಅಣ್ಣನ ಮೇಲೆ ಕಲ್ಲೆತ್ತುವ ಹಕ್ಕು, ಆ ಮಾತಿಗೆ ಒಂದು ಕಾಸನ್ನೂ ಕಳೆದುಕೊಳ್ಳಬೇ��ಾಗಿಲ್ಲದ ನನಗಿಲ್ಲ. ನಿಜ ಹೇಳಿದ ಬಡವನಿಂದಲೇ ದಂಡ ವಸೂಲು ಮಾಡುವ ಕಾನೂನನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಲ್ಲವೆ? ಹಾಗೆ ತೂಗುವಾಗ, ನಿಜವನ್ನು ಬೋಧಿಸುವ ಸಭೆಯೂ ನಿಜ ಹೇಳಿದವನ ನಷ್ಟದಲ್ಲಿ ಎಷ್ಟು ಪಾಲು ಹೊತ್ತಿತೆಂಬುದನ್ನೂ ಇನ್ನೊಂದು ತಟ್ಟೆಗೆ ಹಾಕಬೇಕು.

ಮಾನ್ವಿಯಿಂದ ನೇರ ಪಡುವಣಕ್ಕೆ ಮಸ್ಕಿಯುಂಟು. ಅಲ್ಲಿಯ ಬಂಡೆಯ ಮೇಲೆ ೧೯೧೫ರಲ್ಲಿ ಬೆಳಕಿಗೆ ಬಂದ ಶಾಸನ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಲೋಕಕ್ಕೆ ತಿಳಿಸಿತು. ಧರ್ಮದಲ್ಲಿ ಮೇಲಕ್ಕೇರುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿರಿ, ಚಿಕ್ಕವರಿಗೂ ಸಾಧ್ಯ ಎಂಬುದು ಅದರ ತಿರುಳು. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ನೆಲದ ಬಂಡೆಗೆ ಇದು ಗೊತ್ತಿತ್ತು. ಕಾಯಕದಲ್ಲಿ ಕಳಂಕವಿರಕೂಡದೆಂದು ಶರಣರು ಇದೇ ಸೀಮೆಯ ಜನರಿಗೆ ಕಲಿಸಿದರು. ಸತ್ಯವೇದವನ್ನು ಹಿಡಿದವರು ಹೊಸದೊಂದು ಧರ್ಮವನ್ನು ಇಲ್ಲಿಗೆ ತಂದರೆನ್ನುವುದಕ್ಕಿಂತ, ನೆಲ ಕೇಳುತ್ತಲೇ ಬಂದಿದ್ದ ಪ್ರಶ್ನೆಗೆ ತಾವೂ ಉತ್ತರ ಹೇಳಬೇಕಾಯಿತೆನ್ನುವುದು ಮೇಲು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ರಾಯಚೂರಿಗೆ ಮರಳಿದೆ. ದೇವಾಲಯದ ಬಾಗಿಲಿಗೆ ಜೋಳದ ತೆನೆಗಳ ತೋರಣ. ವೇದಿಕೆಯ ಮುಂದೆ ಹತ್ತಿ, ತೊಗರಿ, ಕುಂಬಳ, ಬತ್ತದ ಚೀಲ, ಕಾಲು ಕಟ್ಟಿದ ಕೋಳಿಗಳು. ಭಾಷಣವನ್ನು ಜೇಬಿನಿಂದ ತೆಗೆಯಲಿಲ್ಲ. ಹೆಸರುಗಳನ್ನು ಹೇಳದೆ ಮೂರು ಕಥೆಗಳನ್ನು ಹೇಳಿದೆ: ಅರಗದ ರೊಟ್ಟಿ, ಹೆಬ್ಬೆಟ್ಟಿನ ಕೈ, ಅಂಗಳದ ಹೊರಸು. ಆಮೇಲೆ ಅವರ ಕೋಟೆಯಲ್ಲಿಯೇ ಇರುವ ಆ ಕಲ್ಲನ್ನು ನೆನಪು ಮಾಡಿಕೊಟ್ಟೆ. ಅಂಥ ಬಂಡೆಗೆ ಒಂದೇ ಎತ್ತನ್ನು ಕಟ್ಟಿ, ಅದು ಕುಸಿದುಬಿದ್ದಾಗ ಅದರ ಭಕ್ತಿಯನ್ನು ಹಾಡಿ ಹೊಗಳಿದರೆ ಕೋಟೆ ಏಳುತ್ತಿರಲಿಲ್ಲ. ಪ್ರಾಮಾಣಿಕವಾದ ಬಾಳು ಒಬ್ಬೊಬ್ಬರ ಮನಸ್ಸಿನಲ್ಲಿ ಹುಟ್ಟತಕ್ಕದ್ದು ನಿಜ. ಆದರೆ ಅದರ ಭಾರವನ್ನು ಎಳೆಯಬೇಕಾದುದು ಸಾಲು. ನಮ್ಮಲ್ಲಿ ಒಬ್ಬರು ನಿಜ ಹೇಳಿ ಕೂಲಿ ಕಳೆದುಕೊಂಡ ವಾರ, ಅವರ ಮನೆಯ ಒಲೆ ಉರಿಯುತ್ತಿದೆಯೇ ಎಂದು ನೋಡದ ಸಭೆಗೆ ಸತ್ಯವೇದವನ್ನು ಓದುವ ಬಾಯಿ ಇರಬಹುದು, ಹಿಡಿಯುವ ಕೈ ಇಲ್ಲ. ಇಷ್ಟು ಹೇಳಿ ಕುಳಿತೆ.

ಕಾಣಿಕೆಯ ವಸ್ತುಗಳನ್ನು ಪದ್ಧತಿಯಂತೆ ಹರಾಜು ಹಾಕಿದರು. ಎಲ್ಲ ಮುಗಿದು ಜನ ಚದರುವಾಗ ಪೇಟೆಯ ಮುದುಕರು ನನ್ನ ಬಳಿಗೆ ಬಂದರು. ಹರಾಜಿನಲ್ಲಿ ಅವರು ಒಂದು ಚೀಲ ಜೋಳವನ್ನು ಕೂಗಿ ಕೊಂಡಿದ್ದರು.

“ಆ ದೇವದುರ್ಗದ ಯಮ್ಮನ ಹೆಸರು ಏನ್ರಿ ಸರ?”

ಹೆಸರು ಹೇಳಲು ಆಕೆಯ ಒಪ್ಪಿಗೆ ಪಡೆದಿಲ್ಲವೆಂದೆ. ಮುದುಕರು ತುಸು ಯೋಚಿಸಿದರು.

“ಹೆಸರು ಬ್ಯಾಡ ಬಿಡ್ರಿ. ಅಲ್ಲಿ ಬೋಧಕರಿಗೆ ಮುಟ್ಟಿಸ್ತೀನಿ, ಅವರು ಕೊಡ್ಲಿ. ಆ ಹುಡುಗ ಮತ್ತ ಸಾಲಿಗೆ ಹೋಗ್ತಾನೇನು ಕೇಳ್ತೀನಿ. ಈ ಸಲ ತಡಾ ಮಾಡಂಗಿಲ್ಲ.”

ಅವರು ಚೀಲಕ್ಕೆ ಕೈ ಹಚ್ಚಿದರು. ಎಪ್ಪತ್ತು ದಾಟಿದ ಬೆನ್ನು ಅದನ್ನು ಎತ್ತಲಾರದೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಇಬ್ಬರು ಹುಡುಗರು ಹೇಳಿಸಿಕೊಳ್ಳದೆ ಬಂದು ಒಂದೊಂದು ತುದಿ ಹಿಡಿದರು. ಮೂವರೂ ಕೂಡಿ ಬಸ್ ನಿಲ್ದಾಣದ ಕಡೆಗೆ ನಡೆದರು.